ಹೊಸ್ತಿಲವರೆಗೆ ಬರುವ ಊರು



 ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಈ ದತ್ತಿ ಉಪನ್ಯಾಸದ ಸಮಿತಿಯವರು ನನಗೇ ಬಿಟ್ಟುಕೊಟ್ಟದ್ದರಿಂದ, ಬಹುಕಾಲದಿಂದ ನನ್ನ ಮನಸ್ಸನ್ನು ಹಿಡಿದಿರುವ ಪ್ರಶ್ನೆಯೊಂದನ್ನೇ ತಮ್ಮ ಮುಂದಿಡಲು ನಿಶ್ಚಯಿಸಿದೆನು. ವಯೋವೃದ್ಧರು ತಮ್ಮ ಮನೆಯಲ್ಲಿ, ತಮ್ಮ ಬೀದಿಯಲ್ಲಿ, ತಮ್ಮ ಇಚ್ಛೆಯಂತೆ ಕಡೆಯವರೆಗೂ ಬಾಳಬೇಕಾದರೆ ಊರು ಅವರಿಗಾಗಿ ಏನನ್ನು ಮಾಡಬೇಕು ಎಂಬುದೇ ಆ ಪ್ರಶ್ನೆ. ಇದನ್ನು ಎತ್ತಿದ ಕೂಡಲೆ ನಮ್ಮಲ್ಲಿ ಎರಡು ಉತ್ತರಗಳು ಸಿದ್ಧವಾಗಿ ನಿಲ್ಲುತ್ತವೆ: ಮಕ್ಕಳು ನೋಡಿಕೊಳ್ಳಲಿ ಎಂಬುದೊಂದು, ನೋಡುವವರಿಲ್ಲದಿದ್ದರೆ ವೃದ್ಧಾಶ್ರಮವಿದೆಯಲ್ಲ ಎಂಬುದು ಇನ್ನೊಂದು. ಈ ಎರಡರ ನಡುವೆ ಬಹು ವಿಸ್ತಾರವಾದ ನೆಲವುಂಟು. ಅದು ಈಗ ಬಹುಮಟ್ಟಿಗೆ ಬೀಳುಬಿದ್ದಿದೆ. ಅದನ್ನು ಉತ್ತು ಬಿತ್ತಬೇಕಾದವರು ನೆರೆಹೊರೆಯವರು, ಪಂಚಾಯಿತಿ ಪುರಸಭೆಗಳವರು, ಸಂಘಸಂಸ್ಥೆಗಳವರು, ಒಟ್ಟಿನಲ್ಲಿ ಊರಿನವರು ಎಂಬುದೇ ನಾನಿಂದು ನಿವೇದಿಸಬಯಸುವ ಮಾತು.

ಪ್ರಶ್ನೆಯ ಗಾತ್ರವನ್ನು ಮೊದಲು ಅಳೆದುಕೊಳ್ಳೋಣ. 2011ರ ಜನಗಣತಿಯ ವೇಳೆಗೆ ಭಾರತದಲ್ಲಿ ಅರುವತ್ತು ವರ್ಷ ತುಂಬಿದವರ ಸಂಖ್ಯೆ 10.38 ಕೋಟಿಯಾಗಿತ್ತು, ಕರ್ನಾಟಕದಲ್ಲಿ ಅವರು ಸುಮಾರು 58 ಲಕ್ಷ, ಎಂದರೆ ಜನಸಂಖ್ಯೆಯ ನೂರಕ್ಕೆ ಒಂಬತ್ತೂವರೆಯಷ್ಟು. 2031ರ ವೇಳೆಗೆ ದೇಶದಲ್ಲಿ ಈ ಸಂಖ್ಯೆ 19 ಕೋಟಿಯನ್ನು ಮೀರುವುದೆಂದು ಸರ್ಕಾರದ ತಜ್ಞಸಮಿತಿಯೇ ಅಂದಾಜು ಮಾಡಿದೆ. 2017-18ರಲ್ಲಿ ನಡೆದ ರಾಷ್ಟ್ರೀಯ ವಾರ್ಧಕ್ಯ ಸಮೀಕ್ಷೆಯು ಇನ್ನೊಂದು ಸಂಗತಿಯನ್ನು ತಿಳಿಸಿತು: ಹಿರಿಯರಲ್ಲಿ ನೂರಕ್ಕೆ ಆರರಷ್ಟು ಮಂದಿ ಒಂಟಿಯಾಗಿಯೇ ಇದ್ದಾರೆ, ಐದರಲ್ಲೊಂದು ಪಾಲಿನಷ್ಟು ಮಂದಿ ಪತಿ ಇಲ್ಲವೆ ಪತ್ನಿಯೊಡನೆ ಮಾತ್ರವೇ ಇದ್ದಾರೆ. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ, ಮೊಮ್ಮಕ್ಕಳು ಸಮುದ್ರದಾಚೆ. ತೀರ್ಥಹಳ್ಳಿಯ ಕಡೆಯ ತೊಟ್ಟಿಮನೆಯಲ್ಲಿಯೋ ಧಾರವಾಡದ ಹಳೆಯ ಓಣಿಯಲ್ಲಿಯೋ ಮೈಸೂರಿನ ಅಗ್ರಹಾರದಲ್ಲಿಯೋ ಇಬ್ಬರು ವೃದ್ಧರು ಒಬ್ಬರಿಗೊಬ್ಬರು ಕಾವಲಾಗಿ ಕಾಲ ನೂಕುತ್ತಿರುವ ದೃಶ್ಯ ತಮಗಾರಿಗೂ ಹೊಸದಲ್ಲ.

ಇಂಥವರ ಬದುಕು ಪರಾಧೀನವಾಗುವುದು ಹೇಗೆ? ಮಹಾವ್ಯಾಧಿಯೊಂದು ಬಂದೆರಗಿದಾಗ ಮಾತ್ರವೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಬಚ್ಚಲುಮನೆಯಿಂದ ಆರಂಭವಾಗುವುದೇ ಹೆಚ್ಚು. ನಮ್ಮ ಹಳೆಯ ಮನೆಗಳ ಬಚ್ಚಲನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ನಡುಮನೆಯಿಂದ ಇಳಿಯಲು ಒಂದು ಮೆಟ್ಟಿಲು, ಅದರಾಚೆ ಗೇಣೆತ್ತರದ ಹೊಸ್ತಿಲು, ಒಳಗೆ ಸೋಪಿನ ನೀರಿನಿಂದ ನುಣುಪಾದ ಕಡಪಾ ಕಲ್ಲು, ಮೂಲೆಯಲ್ಲಿ ಹಂಡೆ, ಹಿಡಿದುಕೊಳ್ಳಲು ಒದ್ದೆಗೋಡೆಯ ಹೊರತು ಮತ್ತಾವ ಆಸರೆಯೂ ಇಲ್ಲ. ಮೇಲಿನ ದೀಪವೋ ಮಬ್ಬು. ಅರುವತ್ತೈದು ದಾಟಿದವರಲ್ಲಿ ಸುಮಾರು ಮೂವರಲ್ಲೊಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿದ್ದವರ ಸೊಂಟದ ಮೂಳೆ ಮುರಿದರೆ ಹಾಸಿಗೆ; ಹಾಸಿಗೆ ಹಿಡಿದರೆ ಸ್ನಾಯುಗಳ ಕ್ಷಯ, ಬೆನ್ನಿನಲ್ಲಿ ಹುಣ್ಣು, ಶ್ವಾಸಕೋಶದ ಸೋಂಕು; ಬಳಿಕ ಮನೆಗೆ ಬೀಗ, ಹಿರಿಯರು ಮಗನ ಊರಿಗೆ ಇಲ್ಲವೆ ಆಶ್ರಮಕ್ಕೆ. ಗೋಡೆಗೆ ಹೊಡೆದ ಎರಡು ಹಿಡಿಗಂಬಿಗಳು, ಜಾರದ ನೆಲಹಾಸು, ಕುಳಿತು ಮೀಯಲು ಒಂದು ಗಟ್ಟಿ ಪೀಠ, ತಕ್ಕಷ್ಟು ಬೆಳಕು, ಇಷ್ಟಿದ್ದಿದ್ದರೆ ಆ ಪತನಗಳಲ್ಲಿ ಅನೇಕವು ತಪ್ಪುತ್ತಿದ್ದವು. ಇಷ್ಟನ್ನು ಮಾಡಿಕೊಡುವವರು ಯಾರು? ಎಂಬತ್ತರ ಅಜ್ಜಿ ತಾನೇ ಗಾರೆಯವನನ್ನು ಕರೆತಂದು, ಕಂಬಿಯ ಎತ್ತರವನ್ನು ಲೆಕ್ಕಹಾಕಿ, ಕೂಲಿ ಚೌಕಾಸಿ ಮಾಡಿ ಹಾಕಿಸಿಕೊಳ್ಳುವಳೆಂದು ಎಣಿಸುವುದು ಅನ್ಯಾಯ.

ಜಪಾನು ದೇಶದವರು ಈ ಅನ್ಯಾಯವನ್ನು ಕಂಡುಕೊಂಡ ಬಗೆಯನ್ನು ಕೊಂಚ ವಿಸ್ತಾರವಾಗಿ ಹೇಳಲು ತಮ್ಮ ಅಪ್ಪಣೆ ಬೇಡುತ್ತೇನೆ. ಅಲ್ಲಿಯೂ ತಂದೆತಾಯಿಗಳನ್ನು ಹಿರಿಯ ಮಗನ ಮನೆಯಲ್ಲಿ ಸೊಸೆ ನೋಡಿಕೊಳ್ಳುವುದೇ ಧರ್ಮವೆಂಬ ಭಾವನೆ ಶತಮಾನಗಳಿಂದ ಬೇರೂರಿತ್ತು. ನಮ್ಮ ಮನೆತನದ ಆದರ್ಶಕ್ಕೂ ಅವರದಕ್ಕೂ ಹೆಚ್ಚಿನ ಅಂತರವಿರಲಿಲ್ಲ. ಆ ಸೊಸೆಯಂದಿರು ಬಳಲಿ ಬೆಂಡಾದುದನ್ನೂ, ಹೋಗಲು ಎಡೆಯಿಲ್ಲದ ವೃದ್ಧರು ಆಸ್ಪತ್ರೆಗಳ ಹಾಸಿಗೆಗಳಲ್ಲಿಯೇ ತಿಂಗಳುಗಟ್ಟಲೆ ಉಳಿದುದನ್ನೂ ಕಂಡ ಮೇಲೆ, ಅವರು 1997ರಲ್ಲಿ ದೀರ್ಘಾವಧಿ ಶುಶ್ರೂಷಾ ವಿಮೆಯ ಕಾನೂನನ್ನು ಮಾಡಿ 2000ದ ಏಪ್ರಿಲಿನಿಂದ ಜಾರಿಗೆ ತಂದರು. ನಾಲ್ವತ್ತು ವರ್ಷ ತುಂಬಿದ ಪ್ರತಿಯೊಬ್ಬರೂ ಅದಕ್ಕೆ ಕಂತು ಕಟ್ಟತಕ್ಕದ್ದು. ವೆಚ್ಚದ ಅರ್ಧ ಆ ಕಂತುಗಳಿಂದ, ಉಳಿದರ್ಧ ತೆರಿಗೆಯಿಂದ. ನಡೆಸುವ ಹೊಣೆ ಟೋಕಿಯೋದ ಮಂತ್ರಿಖಾತೆಯದಾಗಿರದೆ ಆಯಾ ಪುರಸಭೆಯದಾಗಿರುವುದು ಅದರ ವಿಶೇಷ. ಸಹಾಯ ಬೇಕಾದ ವೃದ್ಧರ ಮನೆಗೆ ಪುರಸಭೆಯವರೇ ಬಂದು ಸ್ಥಿತಿಯನ್ನು ಪರೀಕ್ಷಿಸುತ್ತಾರೆ. ಅದಕ್ಕನುಗುಣವಾಗಿ ಏಳು ಶ್ರೇಣಿಗಳಲ್ಲೊಂದನ್ನು ಗೊತ್ತುಮಾಡುತ್ತಾರೆ. ಬಳಿಕ ಶುಶ್ರೂಷಾ ಯೋಜಕರೊಬ್ಬರು ವೃದ್ಧರೊಡನೆ ಕುಳಿತು, ವಾರದ ಯಾವ ದಿನ ಯಾರು ಬರಬೇಕು, ಏತಕ್ಕಾಗಿ ಬರಬೇಕು ಎಂಬುದನ್ನು ಬರೆದುಕೊಳ್ಳುತ್ತಾರೆ. ಆರಂಭದಲ್ಲಿ ಸೇವೆಯ ವೆಚ್ಚದಲ್ಲಿ ಹತ್ತನೆಯ ಒಂದು ಭಾಗವನ್ನು ಮಾತ್ರ ಪಡೆಯುವವರು ತೆರುತ್ತಿದ್ದರು. ಈಗ ಹೆಚ್ಚು ವರಮಾನವುಳ್ಳವರು ಹೆಚ್ಚು ತೆರುತ್ತಾರೆ.

ನಾನು ಹೇಳಿದ ಬಚ್ಚಲಿನ ಕಂಬಿಯೂ ಆ ಕಾನೂನಿನಲ್ಲಿದೆ. ಅರ್ಹರಾದವರು ಗೋಡೆಗೆ ಹಿಡಿಗಂಬಿ ಹಾಕಿಸಲು, ಮೆಟ್ಟಿಲಿನ ಏರುತಗ್ಗುಗಳನ್ನು ಸರಿಪಡಿಸಲು, ನೆಲವನ್ನು ಜಾರದಂತೆ ಮಾಡಿಸಲು, ತಳ್ಳುವ ಬಾಗಿಲಿನ ಬದಲು ಸರಿಯುವ ಬಾಗಿಲನ್ನು ಕೂಡಿಸಲು ಎರಡು ಲಕ್ಷ ಯೆನ್‌ಗಳವರೆಗಿನ ಕೆಲಸಕ್ಕೆ ವಿಮೆ ನೆರವಾಗುತ್ತದೆ. ಹಾಸಿಗೆಯಿಂದೇಳಲಾರದವರ ಮನೆಗೆ ಸ್ನಾನದ ತೊಟ್ಟಿಯನ್ನೇ ವಾಹನದಲ್ಲಿ ತರುವ ಏರ್ಪಾಡೊಂದು ಅಲ್ಲಿ ಉಂಟು. ಸಾಮಾನ್ಯವಾಗಿ ಮೂವರು ಬರುತ್ತಾರೆ, ಅವರಲ್ಲೊಬ್ಬರು ದಾದಿ. ಮೊದಲು ರಕ್ತದೊತ್ತಡ, ಮೈಬಿಸಿಗಳನ್ನು ನೋಡಿ, ಹಾಸಿಗೆಯ ಪಕ್ಕದಲ್ಲಿಯೇ ತೊಟ್ಟಿಯನ್ನು ಜೋಡಿಸಿ, ಬಿಸಿನೀರು ತುಂಬಿ, ವೃದ್ಧರನ್ನು ಜೋಲಿಯಂಥ ಬಟ್ಟೆಯ ಮೇಲೆ ಮಲಗಿಸಿ ಮೆಲ್ಲನೆ ನೀರಿಗಿಳಿಸುತ್ತಾರೆ. ಮೈಯನ್ನು ಮುಚ್ಚಿಯೇ ತೊಳೆಯುತ್ತಾರೆ. ಒರೆಸಿ, ಶುಭ್ರವಾದ ಬಟ್ಟೆ ತೊಡಿಸಿ, ತೊಟ್ಟಿಯನ್ನು ಬಿಚ್ಚಿ ಕೊಂಡೊಯ್ಯುತ್ತಾರೆ. ಅಭ್ಯಂಜನದ ಸುಖವನ್ನು ಬಲ್ಲ ನಮ್ಮ ಜನಕ್ಕೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಒದ್ದೆಬಟ್ಟೆಯಲ್ಲಿ ಮೈಯೊರೆಸಿದರೆ ಸಾಕೆಂದು ವೈದ್ಯಶಾಸ್ತ್ರ ಹೇಳಬಹುದು. ಮಿಂದೆನೆಂಬ ತೃಪ್ತಿಯು ಮನುಷ್ಯನಿಗೆ ಸಲ್ಲಬೇಕಾದ ವಸ್ತುವೆಂದು ಒಂದು ರಾಷ್ಟ್ರ ತನ್ನ ಕಾನೂನಿನಲ್ಲಿ ಒಪ್ಪಿಕೊಂಡದ್ದನ್ನು ನಾನು ನಾಗರಿಕತೆಯ ಉಚ್ಚಲಕ್ಷಣವೆಂದು ಗಣಿಸುತ್ತೇನೆ.

2006ರಿಂದ ಅಲ್ಲಿ ಇನ್ನೊಂದು ಹೆಜ್ಜೆಯಿಟ್ಟರು. ಸುಮಾರಾಗಿ ಒಂದು ಮಾಧ್ಯಮಿಕ ಶಾಲೆಯ ವ್ಯಾಪ್ತಿಯಷ್ಟು ಪ್ರದೇಶಕ್ಕೊಂದರಂತೆ ಸಮಗ್ರ ಸಹಾಯ ಕೇಂದ್ರಗಳನ್ನು ತೆರೆದು, ಪ್ರತಿಯೊಂದರಲ್ಲಿಯೂ ಒಬ್ಬ ಆರೋಗ್ಯ ದಾದಿ, ಒಬ್ಬ ಸಮಾಜಕಾರ್ಯಕರ್ತ, ಒಬ್ಬ ಅನುಭವಿ ಶುಶ್ರೂಷಾ ಯೋಜಕ ಇರುವಂತೆ ಏರ್ಪಡಿಸಿದರು. ಔಷಧಕ್ಕೆ ಒಂದು ಕಚೇರಿ, ವೇತನಕ್ಕೆ ಮತ್ತೊಂದು, ವಂಚನೆಯ ದೂರಿಗೆ ಇನ್ನೊಂದು ಎಂದು ವೃದ್ಧರು ಅಲೆಯಬೇಕಾಗಿಲ್ಲ. ಇದಲ್ಲದೆ, 1917ರಲ್ಲಿ ಒಕಾಯಾಮ ಪ್ರಾಂತದಲ್ಲಿ ಮೊಳೆತ ಒಂದು ಪದ್ಧತಿಯಿಂದ ಬೆಳೆದುಬಂದ, ‘ಮಿನ್‌ಸೇಯಿ ಇಇನ್’ ಎಂಬ ಸಂಬಳವಿಲ್ಲದ ನೆರೆಹೊರೆ ಪ್ರತಿನಿಧಿಗಳು ದೇಶದಾದ್ಯಂತ ಲಕ್ಷಗಟ್ಟಲೆ ಇದ್ದಾರೆ. ತಮ್ಮ ಬೀದಿಯಲ್ಲಿ ಒಂಟಿಯಾಗಿರುವವರು ಯಾರು, ಅವರ ಕ್ಷೇಮವೇನು ಎಂಬುದನ್ನು ತಿಳಿದು ಪುರಸಭೆಗೆ ತಿಳಿಸುವುದು ಅವರ ವ್ರತ. 2017ರಿಂದ ಅಲ್ಲಿನ ಅಂಚೆ ಸಂಸ್ಥೆಯೂ ಶುಲ್ಕವೊಂದನ್ನು ಪಡೆದು, ತಿಂಗಳಿಗೊಮ್ಮೆ ಸಿಬ್ಬಂದಿಯನ್ನು ವೃದ್ಧರ ಮನೆಗೆ ಕಳುಹಿಸಿ, ಮಾತನಾಡಿಸಿ, ಅವರ ಸಮಾಚಾರವನ್ನು ದೂರದ ಮಕ್ಕಳಿಗೆ ಬರೆದು ತಿಳಿಸುವ ಸೇವೆಯನ್ನು ದೇಶವ್ಯಾಪಿಯಾಗಿ ಆರಂಭಿಸಿತು.

ಜಪಾನಿನಲ್ಲಿ ಎಲ್ಲವೂ ಸರಿಯಾಗಿದೆಯೆಂದು ನಾನು ಹೇಳಲಾರೆ. ಹಿರಿಯರ ತಿಂಗಳ ಕಂತು 2000ದಲ್ಲಿ ಸರಾಸರಿ 2,911 ಯೆನ್ ಇದ್ದುದು 2024ರ ಹೊತ್ತಿಗೆ 6,225 ಯೆನ್ ಆಗಿದೆ. ಶುಶ್ರೂಷೆಯ ಕೆಲಸಕ್ಕೆ ಜನ ಸಾಲದಾಗಿದ್ದಾರೆ. ಒಂಟಿಯಾಗಿ ಸತ್ತು ದಿನಗಳು ಕಳೆದ ಮೇಲೆ ಬೆಳಕಿಗೆ ಬರುವ ಮರಣಗಳು ಆ ಸಮಾಜದ ಅಂತಃಕರಣವನ್ನು ಇಂದಿಗೂ ಚುಚ್ಚುತ್ತಿವೆ. ಆದರೂ ಹೊಣೆ ಯಾರದೆಂಬ ವಿಷಯದಲ್ಲಿ ಅವರು ತಲುಪಿದ ನಿರ್ಣಯ ಸ್ಪಷ್ಟವಾದುದು.

ಅದು ಸಿರಿವಂತ ರಾಷ್ಟ್ರ, ನಮಗೆ ಅಂಥದು ಒಗ್ಗದು ಎನ್ನುವವರಿಗಾಗಿ ನಮ್ಮ ನೆರೆಯ ಕೇರಳವನ್ನೇ ತೋರಿಸುತ್ತೇನೆ. 1993ರಲ್ಲಿ ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಕೂಡಿ ನೋವು ಮತ್ತು ಉಪಶಾಮಕ ಶುಶ್ರೂಷಾ ಸಂಘವನ್ನು ಕಟ್ಟಿದರು. ಆಸ್ಪತ್ರೆಗೆ ಬರಲಾರದವರೇ ಹೆಚ್ಚು ನರಳುವವರೆಂಬುದನ್ನು ಕೆಲವೇ ವರ್ಷಗಳಲ್ಲಿ ಕಂಡುಕೊಂಡು, ಈ ಶುಶ್ರೂಷೆಯನ್ನು ನೆರೆಹೊರೆಯವರ ಕೈಗೇ ಒಪ್ಪಿಸುವ ಜಾಲವನ್ನು ಮಲಪ್ಪುರಂ ಜಿಲ್ಲೆಯಲ್ಲಿ ಹೆಣೆದರು. ವಾರಕ್ಕೆ ಎರಡು ಗಂಟೆಯಾದರೂ ಕೊಡಬಲ್ಲವರು ಮುಂದೆ ಬರಬೇಕು. ಅವರಿಗೆ ಹದಿನಾರು ಗಂಟೆಗಳ ತರಬೇತಿ, ಅನುಭವಿಗಳೊಡನೆ ನಾಲ್ಕು ದಿನಗಳ ಪ್ರತ್ಯಕ್ಷಾಭ್ಯಾಸ. ಅಂಗಡಿಯವರು, ಶಾಲೆಯ ಉಪಾಧ್ಯಾಯರು, ಆಟೋ ಓಡಿಸುವವರು, ಗೃಹಿಣಿಯರು, ಕಾಲೇಜಿನ ವಿದ್ಯಾರ್ಥಿಗಳು ಹೀಗೆ ಸಾವಿರಾರು ಮಂದಿ ಸೇರಿದರು. ಅಂಗಡಿಗಳ ಕಾಣಿಕೆಡಬ್ಬಿಗಳಲ್ಲಿ ಬಿದ್ದ ಚಿಲ್ಲರೆಯಂಥ ಊರವರ ಸಣ್ಣ ಕಾಣಿಕೆಗಳಿಂದಲೇ ವೆಚ್ಚದ ಬಹುಭಾಗ ನಡೆಯಿತು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿ ನೀತಿಯೊಂದನ್ನೇ ಪ್ರಕಟಿಸಿತು. ಇಂದು ಅಲ್ಲಿನ ಪಂಚಾಯಿತಿಗಳು ತಮ್ಮ ಹಣದಿಂದ ಸಮುದಾಯ ದಾದಿಯನ್ನು ನೇಮಿಸಿಕೊಂಡು ಮನೆಮನೆಗೆ ಕಳುಹಿಸುತ್ತಿವೆ.

ಆ ಮನೆಭೇಟಿಯ ರೀತಿಯನ್ನು ಹತ್ತಿರದಿಂದ ನೋಡಬೇಕು. ಬೆಳಿಗ್ಗೆ ಜೀಪೊಂದು ಹೊರಡುತ್ತದೆ. ಅದರಲ್ಲಿ ದಾದಿ, ಒಬ್ಬಿಬ್ಬರು ಸ್ವಯಂಸೇವಕರು, ಒಂದು ಚೀಲ. ಚೀಲದಲ್ಲಿ ಹುಣ್ಣು ಕಟ್ಟುವ ಹತ್ತಿ ಬಟ್ಟೆ, ಮೂತ್ರದ ನಳಿಕೆ, ನೋವಿನ ಮಾತ್ರೆಗಳು, ರಕ್ತದೊತ್ತಡದ ಯಂತ್ರ. ಪಾರ್ಶ್ವವಾಯುವಿನಿಂದ ಮಲಗಿದ ಮುದುಕರ ಬೆನ್ನಿನ ಹುಣ್ಣನ್ನು ದಾದಿ ತೊಳೆದು ಕಟ್ಟುತ್ತಿರುವಾಗ, ಸ್ವಯಂಸೇವಕರು ಹೊರಗಿನ ಜಗಲಿಯ ಮೇಲೆ ಅವರ ಪತ್ನಿಯೊಡನೆ ಕುಳಿತು ಅಕ್ಕಿ ಇದೆಯೆ, ಮೊಮ್ಮಗನ ಶಾಲೆಯ ಶುಲ್ಕ ಕಟ್ಟಿತೆ, ರಾತ್ರಿ ನಿದ್ರೆ ಬರುತ್ತಿದೆಯೆ ಎಂದು ವಿಚಾರಿಸುತ್ತಾರೆ. ಆಕೆಯ ಕಣ್ಣೊರೆಸುವುದೂ ಚಿಕಿತ್ಸೆಯ ಭಾಗವೆಂದು ಅವರು ಕಲಿತಿದ್ದಾರೆ. ಮುಂದಿನ ಭೇಟಿಯ ದಿನವನ್ನು ಮನೆಯಲ್ಲಿಯೇ ಇರುವ ಪುಸ್ತಕದಲ್ಲಿ ಬರೆದು ಹೊರಡುತ್ತಾರೆ. ಇದರಲ್ಲಿ ನಮ್ಮ ಯಾವ ತಾಲ್ಲೂಕಿನ ಶಕ್ತಿಗೂ ಮೀರಿದ್ದೊಂದನ್ನೂ ನಾನು ಕಾಣೆ.

ನಮ್ಮಲ್ಲಿ ಇಂಥ ಬುದ್ಧಿ ಇಲ್ಲದೆಯೂ ಇರಲಿಲ್ಲ. ಬಡ ವಿದ್ಯಾರ್ಥಿಗೆ ವಾರದ ಏಳು ದಿನ ಏಳು ಮನೆಗಳಲ್ಲಿ ಊಟವಿಕ್ಕುತ್ತಿದ್ದ ವಾರಾನ್ನದ ಪದ್ಧತಿ ಯಾವ ಮನೆಗೂ ಭಾರವಾಗದಂತೆ, ಹುಡುಗನೂ ಒಬ್ಬರ ಹಂಗಿಗೇ ಬೀಳದಂತೆ ಹೊರೆಯನ್ನು ಹಂಚುತ್ತಿತ್ತು. ಕನ್ನಡನಾಡಿನ ಎಷ್ಟೋ ವಿದ್ವಾಂಸರನ್ನು ಆ ಏಳು ಮನೆಗಳು ಬೆಳೆಸಿದವು. ಹೊಲಗೆಲಸದಲ್ಲಿ ಮುಯ್ಯಾಳಿನ ವಾಡಿಕೆಯೂ ಹಾಗೆಯೆ: ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ವಾರಾನ್ನವು ಜಾತಿಯ ಬೇಲಿಯೊಳಗೆ ನಡೆದ ಔದಾರ್ಯವೆಂಬುದನ್ನು ಮರೆಯತಕ್ಕದ್ದಲ್ಲ. ಬೇಲಿಯಾಚೆಯ ಹುಡುಗನಿಗೆ ಆ ಏಳು ಬಾಗಿಲುಗಳೂ ಮುಚ್ಚಿದ್ದವು. ಇನ್ನು ಮುಂದೆ ನಾವು ಕಟ್ಟುವ ಸೇವೆಯು ಊರಿನ ಎಲ್ಲ ಕೇರಿಗಳ ಹಿರಿಯರನ್ನೂ ಸಮವಾಗಿ ಕಾಣದಿದ್ದರೆ ಅದನ್ನು ಕಟ್ಟದಿರುವುದೇ ಮೇಲು.

ನಮ್ಮ ಕಾನೂನು ಎಲ್ಲಿ ನಿಂತಿದೆಯೆಂಬುದನ್ನೂ ನೋಡಬೇಕು. ವಾರ್ಧಕ್ಯದಲ್ಲಿ ಸಾರ್ವಜನಿಕ ನೆರವು ಪಡೆಯುವ ಹಕ್ಕಿಗೆ ರಾಜ್ಯವು ತನ್ನ ಶಕ್ತ್ಯನುಸಾರ ಏರ್ಪಾಡು ಮಾಡಬೇಕೆಂದು ಸಂವಿಧಾನದ 41ನೆಯ ಅನುಚ್ಛೇದ ವಿಧಿಸಿದೆ. 2007ರ ಮಾತಾಪಿತೃಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆ ಮಕ್ಕಳಿಂದ ಜೀವನಾಂಶವನ್ನು ಕೊಡಿಸುತ್ತದೆ. ನೋಡಿಕೊಳ್ಳುವೆನೆಂದು ಆಸ್ತಿ ಬರೆಸಿಕೊಂಡು ಕೈಬಿಟ್ಟವರ ಪತ್ರವನ್ನು ರದ್ದುಮಾಡಿಸುತ್ತದೆ. ಅನೇಕ ನೊಂದ ಜೀವಗಳಿಗೆ ಇದರಿಂದ ನ್ಯಾಯ ದೊರೆತಿದೆ. ಆದರೆ ಆಶ್ರಯದ ವಿಷಯಕ್ಕೆ ಬಂದಾಗ ಅದೇ ಕಾಯಿದೆ ಮಾತನಾಡುವುದು ಜಿಲ್ಲೆಗೊಂದರಂತೆ, ಕನಿಷ್ಠ 150 ಮಂದಿ ನಿರ್ಗತಿಕರಿಗೆ ಎಡೆಯುಳ್ಳ ವೃದ್ಧಾಶ್ರಮಗಳ ಮಾತನ್ನು. ನಮ್ಮ 31 ಜಿಲ್ಲೆಗಳಲ್ಲಿಯೂ ಅವು ಎದ್ದುನಿಂತವೆಂದೇ ಇಟ್ಟುಕೊಂಡರೂ 4,650 ಮಂದಿಗೆ ಸ್ಥಳವಾಯಿತು. 58 ಲಕ್ಷದ ಲೆಕ್ಕವನ್ನು ಆಗಲೆ ಹೇಳಿದ್ದೇನೆ. ಮನೆಯಲ್ಲಿಯೇ ದೊರೆಯುವ ಶುಶ್ರೂಷೆಯ ವಿಷಯವನ್ನು 2019ರಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ ಎತ್ತಿಕೊಂಡಿತು. ಆ ಮಸೂದೆ ಕಾನೂನಾಗದೆಯೇ ಅವಧಿ ಮುಗಿದುಹೋಯಿತು.

ಬೇರೆ ಕೆಲವು ಏರ್ಪಾಡುಗಳಿವೆ. ಬೆಂಗಳೂರಿನಲ್ಲಿ 2002ರಿಂದ ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಕೂಡಿ ನಡೆಸಿಕೊಂಡು ಬಂದ 1090 ಎಂಬ ಹಿರಿಯರ ಸಹಾಯವಾಣಿ ನಾಡಿಗೆ ಒಂದು ದಾರಿಯನ್ನು ತೋರಿತು. ಈಗ ದೇಶಕ್ಕೆಲ್ಲ 14567 ಎಂಬ ಸಂಖ್ಯೆ ಇದೆ. 2010-11ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮದ ಪ್ರಕಾರ ಜಿಲ್ಲಾಸ್ಪತ್ರೆಯಲ್ಲಿ ಹತ್ತು ಹಾಸಿಗೆಗಳ ವಾರ್ಡು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ತಪಾಸಣೆ, ಮನೆಬಿಟ್ಟು ಬರಲಾರದವರಲ್ಲಿಗೆ ಉಪಕೇಂದ್ರದ ಆರೋಗ್ಯ ಕಾರ್ಯಕರ್ತೆಯ ಭೇಟಿ ಇವೆಲ್ಲ ಇರತಕ್ಕದ್ದು. ಕಾಗದದ ಮೇಲೆ ಇದಕ್ಕಿಂತ ವಿವೇಕಯುತವಾದ ಯೋಜನೆಯನ್ನು ನಾನು ಬೇರೆ ಕಂಡಿಲ್ಲ. ಲಸಿಕೆ, ಗರ್ಭಿಣಿಯರು, ಜ್ವರದ ಸಮೀಕ್ಷೆ ಎಂದು ಹತ್ತಾರು ದಾಖಲೆಗಳನ್ನು ತುಂಬಿಸುವ ಹೆಣ್ಣುಮಗಳೊಬ್ಬಳ ಹೆಗಲ ಮೇಲೆ ಇದನ್ನೂ ಹೊರಿಸಿದಾಗ ಮನೆಭೇಟಿ ನಡೆಯದೆ ಉಳಿಯುವುದರಲ್ಲಿ ಆಶ್ಚರ್ಯವಿಲ್ಲ, ದೋಷ ಆಕೆಯದಲ್ಲ.

ಇಲ್ಲಿ ಅಂಚೆಯವನನ್ನು ಕುರಿತು ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ವೃದ್ಧಾಪ್ಯ ವೇತನವೂ 2007ರ ಸಂಧ್ಯಾ ಸುರಕ್ಷಾ ಯೋಜನೆಯ ಹಣವೂ ಬಹುಕಾಲ ಮನಿಯಾರ್ಡರಿನ ಮೂಲಕ ಮನೆಬಾಗಿಲಿಗೇ ಬರುತ್ತಿದ್ದವು. ಅದರಲ್ಲಿ ಸೋರಿಕೆಯಿತ್ತು, ವಿಳಂಬವಿತ್ತು, ಕೈಬಿಸಿ ಮಾಡಬೇಕಾದ ಪ್ರಸಂಗಗಳೂ ಇದ್ದವು. ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಸೇರುವಂತಾದುದು ನ್ಯಾಯವೇ ಸರಿ. ಆದರೆ ತಿಂಗಳಿಗೊಮ್ಮೆ ಒಬ್ಬ ಮನುಷ್ಯ ಅಜ್ಜಿಯ ಹೆಸರು ಹಿಡಿದು ಕೂಗಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಕಾಲು ಊದಿದೆಯಲ್ಲ ಯಾಕೆ ಎಂದು ಕೇಳಿ ಹೋಗುತ್ತಿದ್ದುದು ಅದರೊಡನೆ ನಿಂತುಹೋಯಿತು. ಅದರ ಬೆಲೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಈಗ ಹಲವರು ವೃದ್ಧರು ಹತ್ತಾರು ರೂಪಾಯಿ ಆಟೋಗೆ ತೆತ್ತು, ಬ್ಯಾಂಕಿನ ಸಾಲಿನಲ್ಲಿ ನಿಂತು, ಬೆರಳಚ್ಚು ಹೊಂದುತ್ತಿಲ್ಲವೆಂದು ಹಿಂದಿರುಗುವುದನ್ನು ನಾವೆಲ್ಲ ಕಂಡಿದ್ದೇವೆ. ಎಪ್ಪತ್ತು ಮೀರಿದವರಿಗೆ ಮನೆಯಲ್ಲಿಯೇ ಬ್ಯಾಂಕು ಸೇವೆ ದೊರೆಯಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲಿಯೇ ನಿರ್ದೇಶಿಸಿದೆ. ಪಿಂಚಣಿದಾರರ ಜೀವಂತ ಪ್ರಮಾಣಪತ್ರವನ್ನು ಅಂಚೆಯವರೇ ಮನೆಗೆ ಬಂದು ಮಾಡಿಕೊಡುವ ಸೌಲಭ್ಯವೂ ಉಂಟು. ಇವೆರಡನ್ನೂ ಕೇಳಿ ಪಡೆಯಬೇಕೆಂಬುದು ಎಷ್ಟು ಮಂದಿಗೆ ಗೊತ್ತು? ಸೇವೆಯೊಂದಿದೆಯೆಂದು ವೃದ್ಧರ ಕಿವಿಗೆ ಮುಟ್ಟಿಸುವುದೂ ಸೇವೆಯೇ. ಅದಕ್ಕಾಗಿಯೇ ಬೀದಿಗೊಬ್ಬ ಪರಿಚಿತ ಮನುಷ್ಯ ಬೇಕು.

ಮನೆಬಾಗಿಲಿಗೆ ಹೋಗುವುದು ಸರ್ಕಾರಕ್ಕೆ ಅಸಾಧ್ಯವೆಂಬ ಮಾತನ್ನು ನಾನು ಇನ್ನು ನಂಬಲಾರೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಎಂಬತ್ತು ವರ್ಷ ದಾಟಿದವರು ಇಚ್ಛಿಸಿದರೆ ಮನೆಯಲ್ಲಿಯೇ ಮತ ಚಲಾಯಿಸುವ ಅವಕಾಶವನ್ನು ಕರ್ನಾಟಕದಲ್ಲಿ ಮೊದಲಬಾರಿಗೆ ಕಲ್ಪಿಸಲಾಯಿತು. ಅಧಿಕಾರಿಗಳು, ಪೊಲೀಸರು, ಛಾಯಾಗ್ರಾಹಕರು ಕೂಡಿ ಮಲೆನಾಡಿನ ಒಂಟಿಮನೆಗಳಿಗೂ ಹೋದರು; ಕಾಲುದಾರಿಯಲ್ಲಿ ನಡೆದು, ನಡುಮನೆಯಲ್ಲಿ ರಟ್ಟಿನ ಮರೆಯನ್ನಿಟ್ಟು, ನಡುಗುವ ಕೈಗಳಿಂದ ಮತಪತ್ರವನ್ನು ಪಡೆದು ಬಂದರು. ಯಾರ ಯಾರ ವಯಸ್ಸು ಎಷ್ಟು, ಮನೆ ಎಲ್ಲಿ ಎಂಬ ಪಟ್ಟಿ ಸರ್ಕಾರದ ಬಳಿ ಇತ್ತೆಂಬುದೂ, ಮನಸ್ಸು ಮಾಡಿದರೆ ಅಲ್ಲಿಗೆ ತಲುಪಬಹುದೆಂಬುದೂ ಅಂದು ಸಿದ್ಧವಾಯಿತು. ಮತಕ್ಕಾಗಿ ಐದು ವರ್ಷಕ್ಕೊಮ್ಮೆ ತುಳಿದ ಹೊಸ್ತಿಲನ್ನು ಔಷಧಕ್ಕಾಗಿ ತಿಂಗಳಿಗೊಮ್ಮೆ ತುಳಿಯಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಾಗದು.

ಅನ್ನದ ವಿಷಯವೂ ಹಾಗೆಯೇ. ಒಬ್ಬರೇ ಇರುವ ವೃದ್ಧರು, ಅದರಲ್ಲಿಯೂ ಪತ್ನಿಯನ್ನು ಕಳೆದುಕೊಂಡ ಗಂಡಸರು, ಒಬ್ಬನಿಗಾಗಿ ಏನು ಅಡುಗೆ ಎಂದು ಬೆಳಗಿನ ಗಂಜಿಯನ್ನೇ ರಾತ್ರಿಗೂ ಇಟ್ಟುಕೊಳ್ಳುತ್ತಾರೆ. ಕೃಶತೆ ಹೀಗೆ ಮೆಲ್ಲಗೆ ಒಳಗೆ ಬರುತ್ತದೆ. ತಮಿಳುನಾಡು 1982ರಲ್ಲಿ ಮಕ್ಕಳ ಮಧ್ಯಾಹ್ನದ ಊಟವನ್ನು ವಿಸ್ತರಿಸಿದಾಗ ಮರುವರ್ಷವೇ ವೃದ್ಧಾಪ್ಯ ವೇತನದಾರರನ್ನೂ ಅದರಲ್ಲಿ ಸೇರಿಸಿಕೊಂಡಿತು. ನಮ್ಮಲ್ಲಿ ಅಕ್ಷರ ದಾಸೋಹದ ಒಲೆ ಊರೂರಿನ ಶಾಲೆಯಲ್ಲಿ ದಿನವೂ ಉರಿಯುತ್ತದೆ. ಪಟ್ಟಣಗಳಲ್ಲಿ ಇಂದಿರಾ ಕ್ಯಾಂಟೀನುಗಳಿವೆ. ಮೆತ್ತಗೆ ಬೇಯಿಸಿದ, ಉಪ್ಪು ಎಣ್ಣೆ ಹಿತಮಿತವಾದ ಹತ್ತು ಹನ್ನೆರಡು ಡಬ್ಬಿಗಳನ್ನು ಆ ಒಲೆಗಳಿಂದಲೇ ತುಂಬಿ ಬೀದಿಗೆ ಕಳುಹಿಸುವುದು ದೊಡ್ಡ ಸಾಹಸವಲ್ಲ. ಡಬ್ಬಿ ಒಯ್ದವರು ಬಾಗಿಲು ತಟ್ಟಿ, ತೆರೆಯದಿದ್ದರೆ ವಿಚಾರಿಸಬೇಕೆಂಬ ಒಂದು ನಿಯಮವಿದ್ದರೆ ಸಾಕು, ಆ ಊಟವೇ ದಿನದ ಕ್ಷೇಮವಿಚಾರಣೆಯೂ ಆಗುತ್ತದೆ. ದುಡಿಯುವ ತಾಯಂದಿರ ಶಿಶುಗಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆದಿದ್ದೇವೆ; ಪಂಚಾಯಿತಿಯ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿ ಹೊಸ ಕಳೆ ಪಡೆದಿವೆ. ಅವುಗಳ ಪಕ್ಕದಲ್ಲಿಯೇ ಹಗಲು ಹೊತ್ತು ಹಿರಿಯರು ಬಂದು ಕುಳಿತು ಪತ್ರಿಕೆಯೋದಿ, ಕಾಲುಗಳಿಗೆ ಚಿಕ್ಕ ವ್ಯಾಯಾಮ ಮಾಡಿ, ಊಟಮಾಡಿ ಮನೆಗೆ ಮರಳುವ ಒಂದು ಕೋಣೆ ಏಕಿರಬಾರದು?

ಇದೆಲ್ಲ ಕುಟುಂಬದ ಬಂಧವನ್ನು ಸಡಿಲಿಸುವುದೆಂಬ ಭಯವನ್ನು ಸಜ್ಜನರು ಹಲವರು ವ್ಯಕ್ತಪಡಿಸಿದ್ದಾರೆ. ಆ ಭಯವನ್ನು ನಾನು ಗೌರವಿಸುತ್ತೇನೆ, ಆದರೆ ಒಪ್ಪಲಾರೆ. ಮಕ್ಕಳು ನೋಡಿಕೊಳ್ಳುತ್ತಾರೆ ಎಂಬ ವಾಕ್ಯದ ಒಳಗೆ ವಾಸ್ತವವಾಗಿ ಎಚ್ಚತ್ತಿರುವವಳು ಒಬ್ಬ ಸೊಸೆ, ಇಲ್ಲವೆ ಮದುವೆಯಾಗದೆ ಉಳಿದ ಒಬ್ಬ ಮಗಳು, ಇಲ್ಲವೆ ತಾನೂ ಎಪ್ಪತ್ತು ದಾಟಿದ ಪತ್ನಿ. ಆಕೆಗೆ ವಾರಕ್ಕೆ ಎರಡು ಮಧ್ಯಾಹ್ನಗಳ ಬಿಡುವು ದೊರೆತರೆ ಪ್ರೀತಿ ಕಡಿಮೆಯಾಗುವುದಿಲ್ಲ. ಬೇಸರದ ಮಾತು ಕಡಿಮೆಯಾಗುತ್ತದೆ. ಹೊರಗಿನಿಂದ ಬರುವ ಸೇವಕಿಯರ ವಿಷಯದಲ್ಲಿಯೂ ಇದೇ ನ್ಯಾಯ ಸಲ್ಲಬೇಕು. ಇಂದು ಏಜೆನ್ಸಿಗಳ ಮೂಲಕ ಬರುವ ‘ಹೋಂ ನರ್ಸ್’ ಎನಿಸಿಕೊಂಡ ಹುಡುಗಿಯರಲ್ಲಿ ಬಹುಮಂದಿಗೆ ಸರಿಯಾದ ತರಬೇತಿಯಿಲ್ಲ, ವಾರದ ರಜೆಯಿಲ್ಲ, ಮಲಗಲು ತನ್ನದೆಂಬ ಮೂಲೆಯಿಲ್ಲ. ಒಬ್ಬರ ವಾರ್ಧಕ್ಯದ ನೆಮ್ಮದಿಯನ್ನು ಇನ್ನೊಬ್ಬರ ಯೌವನದ ಶೋಷಣೆಯ ಮೇಲೆ ಕಟ್ಟುವುದು ಅಧರ್ಮ. ಪಂಚಾಯಿತಿಯೇ ತರಬೇತಿ ಕೊಡಿಸಿ, ಗುರುತಿನ ಚೀಟಿ ಕೊಟ್ಟು, ಗಂಟೆಯ ಲೆಕ್ಕದಲ್ಲಿ ನ್ಯಾಯವಾದ ಕೂಲಿಯನ್ನು ಗೊತ್ತುಮಾಡಿದರೆ ಆ ಹುಡುಗಿಯರಿಗೂ ಮಾನ, ಒಂಟಿ ವೃದ್ಧರಿಗೂ ಅಭಯ.

ಇಷ್ಟೆಲ್ಲ ಮಾಡುವಾಗ ಹಿರಿಯರನ್ನು ಕೇಳಿ ಮಾಡಬೇಕೆಂಬುದನ್ನು ಮರೆತರೆ ಸೇವೆಯೇ ಹಿಂಸೆಯಾದೀತು. ವಿಶ್ವಸಂಸ್ಥೆ 1991ರಲ್ಲಿ ಹಿರಿಯರ ವಿಷಯವಾಗಿ ಅಂಗೀಕರಿಸಿದ ತತ್ತ್ವಗಳಲ್ಲಿ ಸ್ವಾತಂತ್ರ್ಯಕ್ಕೇ ಮೊದಲ ಸ್ಥಾನವನ್ನಿತ್ತಿದೆ. ಸಾಧ್ಯವಾದಷ್ಟು ಕಾಲವೂ ತಮ್ಮ ಮನೆಯಲ್ಲಿಯೇ ಇರುವ ಅವಕಾಶ ಅವರಿಗಿರಬೇಕೆಂದು ಅದು ಹೇಳುತ್ತದೆ. ಎಷ್ಟು ಗಂಟೆಗೆ ಮೀಯಬೇಕು, ಯಾರು ಮೈಮುಟ್ಟಬಹುದು, ಬೀಗದ ಕೈ ಯಾರ ಬಳಿ ಇರಬೇಕು, ಮಗನಿಗೆ ಯಾವುದನ್ನು ತಿಳಿಸಬೇಕು, ಯಾವುದನ್ನು ತಿಳಿಸಬಾರದು ಎಂಬುದನ್ನು ನಿರ್ಣಯಿಸುವ ಅಧಿಕಾರ ಅವರದು. ಸಲಹೆಯನ್ನು ಬೇಡವೆನ್ನುವ ಅಧಿಕಾರವೂ ಅವರದೇ. ಎಂಬತ್ತೈದರಲ್ಲಿಯೂ ಹಿತ್ತಿಲ ಬಾವಿಯಿಂದ ಒಂದು ಚೊಂಬು ನೀರನ್ನು ತಾವೇ ಸೇದಿ ತುಳಸಿಗೆರೆಯಬೇಕೆನ್ನುವವರಿಗೆ ರಾಟೆಯನ್ನು ಸರಿಪಡಿಸಿ ಕಟ್ಟೆಗೆ ಕಂಬಿ ಹಾಕಿಸಿಕೊಡೋಣ. ಬಾವಿಯನ್ನು ಮುಚ್ಚಿಬಿಡುವುದು ಬೇಡ.

ಕಡೆಯದಾಗಿ ಹಣದ ಮಾತು. ನಮ್ಮ ನಗರಗಳ ಆಸ್ತಿ ತೆರಿಗೆಯ ರಸೀತಿಯನ್ನು ತೆಗೆದು ನೋಡಿದರೆ ತೆರಿಗೆಯ ಮೇಲೆ ಗ್ರಂಥಾಲಯಕ್ಕಾಗಿ ನೂರಕ್ಕೆ 6, ಭಿಕ್ಷುಕರ ಪುನರ್ವಸತಿಗಾಗಿ ನೂರಕ್ಕೆ 3 ಉಪಕರವನ್ನು ನಾವು ತೆರುತ್ತಿರುವುದು ಕಾಣುತ್ತದೆ. ಊರಿಗೊಂದು ಪುಸ್ತಕ ಭಂಡಾರವಿರಬೇಕೆಂದು ನಿಶ್ಚಯಿಸಿದ ಜನ 1965ರ ಕಾಯಿದೆಯ ಮೂಲಕ ಅದಕ್ಕೆ ದಾರಿಮಾಡಿಕೊಂಡರು. ಇಂದು ನಾವು ಕುಳಿತು ಓದುವ ಸಾರ್ವಜನಿಕ ಗ್ರಂಥಾಲಯಗಳು ಆ ದೂರದೃಷ್ಟಿಯ ಫಲ. ಹಾಗೆಯೇ ನೂರಕ್ಕೆ 2ರಷ್ಟು ಹಿರಿಯರ ಉಪಕರವನ್ನು ವಿಧಿಸಿ, ಆ ಹಣವನ್ನು ವಾರ್ಡಿನ ಮಟ್ಟದಲ್ಲಿಯೇ ಉಳಿಸಿ, ಒಬ್ಬ ದಾದಿ, ಒಬ್ಬ ಸಂಚಾಲಕ, ಬಚ್ಚಲಿನ ಕಂಬಿಗಳು, ಮಧ್ಯಾಹ್ನದ ಡಬ್ಬಿ ಇಷ್ಟರಿಂದ ಆರಂಭಿಸಬೇಕೆಂದು ಈ ಊರಿನ ನಗರಸಭೆಯ ಸದಸ್ಯರನ್ನು ನಾನು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ. ಕಾನೂನು ಬರುವವರೆಗೂ ಕಾಯಬೇಕಾಗಿಲ್ಲದ ಕೆಲಸವೊಂದಿದೆ. ಈ ಸಭೆಯಲ್ಲಿರುವವರು ತಮ್ಮ ತಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರ ಹೆಸರು, ಅವರು ಸೇವಿಸುವ ಔಷಧ, ತುರ್ತಿಗೆ ಕರೆಯಬೇಕಾದವರ ದೂರವಾಣಿ ಸಂಖ್ಯೆ ಇವುಗಳನ್ನು, ಅವರ ಒಪ್ಪಿಗೆಯನ್ನು ಪಡೆದು, ಒಂದು ಪುಸ್ತಕದಲ್ಲಿ ಬರೆದಿಡಲಿ. ಯಾವ ದಿನ ಯಾರು ಅವರ ಬಾಗಿಲಿಗೆ ಹೋಗಿಬರುವರೆಂಬುದನ್ನು ವಾರಾನ್ನದಂತೆ ಹಂಚಿಕೊಳ್ಳಲಿ. ದಯವಿಟ್ಟು ಈ ವಾರವೇ ಆರಂಭಿಸಿ.